ದಾಸೋಹವೂ ನೆರೆಯವರ ಹಸಿವೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ನನಗೆ ನಿಯಮಿಸಿರುವ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡುವೆನು. ಷಟ್‌ಸ್ಥಲಶಾಸ್ತ್ರವನ್ನು ಕುರಿತು ಮಾತನಾಡಬೇಕಾದೀತೆಂದು ನಾನು ಎಣಿಸಿದ್ದೆನು. ಕಾರ್ಯದರ್ಶಿಗಳು ಅಡಿಗೆಯ ಮನೆಯನ್ನು ವಿಷಯವಾಗಿ ಕೊಟ್ಟರು. ವಿಚಾರಿಸಿ ನೋಡಿದರೆ ಇದೇ ಹೆಚ್ಚು ಕಠಿನವಾದುದು.

ದಾಸೋಹವೆಂಬ ಪದವನ್ನು ಬಿಡಿಸಿದರೆ ದಾಸಃ, ಅಹಂ ಎಂದಾಗುವುದು; ನಾನು ದಾಸನು ಎಂದರ್ಥ. ದಾನಕ್ಕೂ ಇದಕ್ಕೂ ಇರುವ ಅಂತರವನ್ನು ವ್ಯಾಕರಣವೇ ತೋರಿಸಿಕೊಡುತ್ತದೆ. ದಾನವೆಂದೊಡನೆ ಕೊಡುವವನೊಬ್ಬ ಕರ್ತೃ, ಕೊಳ್ಳುವವನೊಬ್ಬ ಸಂಪ್ರದಾನ, ಹೀಗೆ ಇಬ್ಬರು ಏರ್ಪಡುವರು. ಒಬ್ಬನ ಕೈ ಮೇಲೆ, ಇನ್ನೊಬ್ಬನ ಕೈ ಕೆಳಗೆ. ದಾಸೋಹಶಬ್ದದಲ್ಲಾದರೋ ಉಣ್ಣುವವನ ಹೆಸರೇ ಇಲ್ಲ. ಬಡಿಸುವವನು ತಾನು ಯಾರೆಂಬುದನ್ನು ಮಾತ್ರ ಅದು ಹೇಳುತ್ತದೆ. ಉಣ್ಣುವವನು ಬಡವನೋ ಬಲ್ಲಿದನೋ, ಯಾವ ಕುಲದವನೋ ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲ.

ಗುರುಲಿಂಗಜಂಗಮಗಳಿಗೆ ಮಾಡತಕ್ಕದ್ದು ದಾಸೋಹ, ಕಂಡಕಂಡವರಿಗೆ ಇಕ್ಕುವುದು ಹೇಗೆ ದಾಸೋಹವಾದೀತೆಂದು ಕೆಲವರು ಪಂಡಿತರು ಆಕ್ಷೇಪಿಸುವುದುಂಟು. ಅದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. ಗ್ರಂಥಗಳಲ್ಲಿ ತ್ರಿವಿಧದಾಸೋಹವೆಂದೇ ಹೇಳಿದೆ. ಆದರೆ ಗ್ರಂಥಕ್ಕೆ ಮಹಾತ್ಮರ ಆಚರಣೆಯು ಬರೆದ ಟೀಕೆಯನ್ನೂ ಓದಬೇಕಲ್ಲವೇ? ಅರಳಗುಂಡಗಿಯ ಒಕ್ಕಲುಮನೆಯಲ್ಲಿ ೧೭೪೬ರಲ್ಲಿ ಹುಟ್ಟಿ, ಕಲಬುರಗಿಯಲ್ಲಿ ನೆಲೆಸಿ, ೧೮೨೨ರಲ್ಲಿ ಲಿಂಗೈಕ್ಯರಾದ ಮಹಾದಾಸೋಹಿ ಶರಣಬಸವೇಶ್ವರರು ಬಂದವರ ಕುಲಗೋತ್ರಗಳನ್ನು ಕೇಳದೆ ಉಣಿಸಿದರು. ಹೊಲದಲ್ಲಿ ಬೆಳೆಯ ಮೇಲೆ ಎರಗಿದ ಹಕ್ಕಿಗಳನ್ನು ಅಟ್ಟದೆ ಅವಕ್ಕೆ ಕುಡಿಯಲು ನೀರಿಟ್ಟರೆಂದು ಆ ಸೀಮೆಯ ಜನರು ಇಂದಿಗೂ ಹೇಳಿಕೊಳ್ಳುವರು. ಹಕ್ಕಿಗೆ ಯಾವ ಲಾಂಛನ?

ಇನ್ನೊಂದು ತಪ್ಪು ತಿಳಿವಳಿಕೆಯುಂಟು. ದಾಸೋಹವು ಸಿರಿವಂತರ ಕಾರ್ಯ, ಅಥವಾ ಮಠಗಳ ಕಾರ್ಯ, ನಮ್ಮಂಥವರಿಂದೇನಾದೀತೆಂಬುದು. ಶರಣರ ಚರಿತ್ರೆಗಳು ಇದಕ್ಕೆ ತೀರ ವಿರುದ್ಧವಾಗಿವೆ. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆಯನ್ನು ಮಾರಿ ದಾಸೋಹ ಮಾಡಿದರು. ನುಲಿಯ ಚಂದಯ್ಯನವರು ಹಗ್ಗ ಹೊಸೆದು ಮಾಡಿದರು. ಆಯ್ದಕ್ಕಿ ಮಾರಯ್ಯನವರಂತೂ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚಾಗಿ ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಿರುಗಿಸಿದರು. ಆ ಬಳಿಕ ತಮ್ಮ ಪಾಲಿನ ಸ್ವಲ್ಪ ಅಕ್ಕಿಯಿಂದಲೇ ಜಂಗಮಸಮೂಹವನ್ನೆಲ್ಲ ತೃಪ್ತಿಪಡಿಸಿದರೆಂಬ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಪವಾಡದ ಮಾತನ್ನು ಬದಿಗಿರಿಸಿ ಅಕ್ಕಿಯ ಲೆಕ್ಕವನ್ನು ಮಾತ್ರ ನೋಡಿರಿ. ನಾಳೆಗೆಂದು ಕೂಡಿಟ್ಟುಕೊಂಡವನ ಮನೆಯಲ್ಲಿ ಇಂದಿನ ಅತಿಥಿಗೆ ಅಕ್ಕಿ ಸಾಲದು. ಆ ತಾಯಿಯ ಮನೆಯಲ್ಲಿ ಸಾಕಾಯಿತು.

ಈ ಭಾವವು ಇಂದಿಗೂ ಅಳಿದಿಲ್ಲವೆಂಬುದಕ್ಕೆ ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಬೇಕು. ಪುಷ್ಯಮಾಸದಲ್ಲಿ ನಡೆಯುವ ಆ ಜಾತ್ರೆಯ ಮಹಾದಾಸೋಹಕ್ಕೆ ಬೇಕಾಗುವ ಲಕ್ಷಾಂತರ ಜೋಳದ ರೊಟ್ಟಿಗಳು ಒಂದೇ ಅಡಿಗೆಯ ಮನೆಯಲ್ಲಿ ಬೇಯುವುವಲ್ಲ. ಸುತ್ತಣ ಹಳ್ಳಿಗಳಲ್ಲಿ ತಾಯಂದಿರು ತಮ್ಮ ತಮ್ಮ ಒಲೆಗಳ ಮುಂದೆ ಕುಳಿತು ತಟ್ಟಿದ ರೊಟ್ಟಿಗಳು ಬಂಡಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಭಜನೆಯೊಡನೆ ಬರುತ್ತವೆ. ಮಾದಲಿ ಬರುತ್ತದೆ, ಕಾಳುಕಡಿ ಬರುತ್ತದೆ. ರೊಟ್ಟಿಯ ಮೇಲೆ ತಟ್ಟಿದವಳ ಹೆಸರಿರುವುದಿಲ್ಲ. ಬಡತನದ ಮನೆಯ ರೊಟ್ಟಿಯನ್ನು ಸಿರಿವಂತನು ಉಂಡು ಹೋಗುವನು, ಇಬ್ಬರಿಗೂ ತಿಳಿಯದು.

ಇನ್ನು ಆಹಾರದ ವಿಚಾರ. ನಮ್ಮ ಪಂಕ್ತಿಯಲ್ಲಿ ಬಡಿಸುವುದೆಲ್ಲವೂ ಹೊಲದಲ್ಲಿ ಬೆಳೆದುದು. ತುಮಕೂರಿನ ಕಡೆ ರಾಗಿಯ ಮುದ್ದೆ, ಅವರೆಯ ಅಥವಾ ಹುರುಳಿಯ ಸಾರು. ನಮ್ಮ ಬಯಲುಸೀಮೆಯಲ್ಲಿ ಜೋಳದ ರೊಟ್ಟಿ, ಪುಂಡಿಯ ಪಲ್ಯ, ತೊಗರಿಬೇಳೆ, ಶೇಂಗದ ಹಿಂಡಿ, ಗುರೆಳ್ಳಿನ ಹಿಂಡಿ. ಹಾಲುತುಪ್ಪಗಳಿಲ್ಲದ ಊಟ ಬಡ ಊಟವೆಂದು ಭಾವಿಸತಕ್ಕದ್ದಿಲ್ಲ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕ ಸುಣ್ಣದ ಅಂಶವುಂಟು. ಧಾನ್ಯದಲ್ಲಿ ಕೊರತೆಯಾದ ಸತ್ತ್ವವನ್ನು ಬೇಳೆಕಾಳುಗಳು ತುಂಬಿಕೊಡುವುವೆಂದು ಇಂದಿನ ಆಹಾರಶಾಸ್ತ್ರಜ್ಞರೂ ಒಪ್ಪುವರು. ಹಗೇವಿನಲ್ಲಿಟ್ಟ ರಾಗಿಯು ವರ್ಷಗಟ್ಟಲೆ ಕೆಡುವುದಿಲ್ಲವಾದುದರಿಂದ ಬರಗಾಲಕ್ಕೂ ಅದೇ ಆಸರೆಯಾಯಿತು. ಎಲ್ಲಕ್ಕಿಂತ ಮುಖ್ಯವಾದ ಕಾರಣ, ಯಾವ ಮತದವನೂ ಯಾವ ಕುಲದವನೂ ಸಂಕೋಚವಿಲ್ಲದೆ ಕೂಡಬಹುದಾದ ಎಡೆ ಇದೊಂದೇ. ಸಿಖ್ಖರ ಲಂಗರದಲ್ಲಿಯೂ ಹೀಗೆಯೇ ಸಸ್ಯಾಹಾರವನ್ನು ಬಡಿಸಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವರು. ಎಲ್ಲರನ್ನೂ ಕೂರಿಸುವುದಕ್ಕಾಗಿ ಏರ್ಪಟ್ಟ ಈ ಆಹಾರವನ್ನು ಕೆಲವರನ್ನು ಎಬ್ಬಿಸುವುದಕ್ಕೆ ಉಪಯೋಗಿಸಬಾರದು. ಬಂದವನು ತನ್ನ ಮನೆಯಲ್ಲಿ ಏನನ್ನುಣ್ಣುವನೆಂದು ವಿಚಾರಿಸುವ ಅಧಿಕಾರವು ಬಡಿಸುವವನಿಗಿಲ್ಲ.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಪಂಕ್ತಿಗೆ ಬಂದವರಿಗೆ ಬಡಿಸುವುದು ಸುಲಭ; ಬಾರದವರ ಗತಿಯೇನು? ೧೮೭೬ರಿಂದ ೧೮೭೮ರವರೆಗಿನ ಧಾತು-ಈಶ್ವರ ಸಂವತ್ಸರಗಳ ದೊಡ್ಡ ಬರದಲ್ಲಿ ಸರ್ಕಾರವು ಗಂಜಿಯ ಮನೆಗಳನ್ನು ತೆರೆದಿದ್ದರೂ, ಕುಲದ ಕಟ್ಟಿನಿಂದಲೂ ನಾಚಿಕೆಯಿಂದಲೂ ಅತ್ತ ಕಾಲಿಡದೆ ಸೊರಗಿದವರಿದ್ದರು. ೧೮೭೧ರ ಗಣತಿಯಲ್ಲಿ ೫೦ ಲಕ್ಷಕ್ಕೆ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿದ್ದಿತು. ಅಷ್ಟು ಹಿಂದಕ್ಕೇಕೆ ಹೋಗಬೇಕು? ೨೦೨೦ನೆಯ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ, ಅಂದಂದಿನ ದುಡಿಮೆಯಿಂದ ತಾನುಂಡು ಇನ್ನೊಬ್ಬರಿಗೂ ಇಕ್ಕುತ್ತಿದ್ದ ದರ್ಜಿ, ಬಾಡಿಗೆಯ ಬಂಡಿಯವನು, ಖಾನಾವಳಿಯ ಕೆಲಸದವನು ಒಮ್ಮೆಲೇ ಬರಿಗೈಯಾದರು. ನಿನ್ನೆ ಮಠಕ್ಕೆ ಅಕ್ಕಿ ಕೊಟ್ಟವನು ಇಂದು ಮಠದ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲಲಾರ.

ಆ ದಿನಗಳಿಂದ ನಮ್ಮೂರಿನ ಕೆಲವರು ತರುಣರು ಬುತ್ತಿಗಳನ್ನು ಕಟ್ಟಿಕೊಂಡು ಓಣಿಓಣಿಗೆ ಹೋಗುವ ಪದ್ಧತಿಯನ್ನಿಟ್ಟುಕೊಂಡಿರುವರು. ಹಾಸಿಗೆ ಹಿಡಿದ ಮುದುಕರಿಗೆ, ಒಬ್ಬಂಟಿಯಾದ ತಾಯಂದಿರಿಗೆ ಇಂದಿಗೂ ಅದು ನಡೆದಿದೆ. ಅವರು ಕಾಯ್ದುಕೊಂಡ ಕ್ರಮವನ್ನು ಮೆಚ್ಚಿದೆನು. ಬುತ್ತಿಯನ್ನು ಮುಚ್ಚಿಯೇ ಒಯ್ಯುವರು. ಬೀಗರ ಮನೆಗೆ ಒಯ್ಯುವಂತೆ ಕೈಚೀಲದಲ್ಲಿಟ್ಟು ಒಯ್ಯುವರು. ‘ಅಜ್ಜಾ, ಇಂದು ಮನೆಯಲ್ಲಿ ಪಲ್ಯ ಹೆಚ್ಚಾಯಿತು’ ಎಂದು ಕೊಟ್ಟು ಬರುವರು. ಇದಕ್ಕೆ ವಿರೋಧವಾಗಿ, ಒಂದು ಎಡೆ ಅನ್ನ ಕೊಡುವಾಗ ನಾಲ್ವರು ಅದಕ್ಕೆ ಕೈಹಚ್ಚಿ ನಿಂತು ಫೋಟೋ ತೆಗೆಯಿಸಿಕೊಳ್ಳುವ ರೂಢಿಯೂ ಈಚೆಗೆ ಬೆಳೆದಿದೆ. ಅದಕ್ಕೆ ಬೇರೆ ಹೆಸರನ್ನಿಟ್ಟುಕೊಳ್ಳಲಿ, ದಾಸೋಹವೆಂದು ಕರೆಯದಿರಲಿ.

ಉಣ್ಣುವವನನ್ನು ಮುಂದಿಟ್ಟು ತಾನು ಹಿಂದೆ ಸರಿಯುವುದೆಂದರೇನೆಂಬುದಕ್ಕೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಾಕ್ಷಿ. ೧೯೦೭ರಲ್ಲಿ ಜನಿಸಿ, ೧೯೪೧ರಲ್ಲಿ ಮಠದ ಅಧಿಕಾರವನ್ನು ವಹಿಸಿ, ಸಾವಿರಾರು ಮಂದಿ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಅವರು ೨೦೧೯ನೆಯ ಜನವರಿ ೨೧ರಂದು ಮಧ್ಯಾಹ್ನಕ್ಕೆ ಮೊದಲೇ ಲಿಂಗೈಕ್ಯರಾದರು. ಆದರೆ ಮಕ್ಕಳ ಊಟವು ಮುಗಿಯುವವರೆಗೂ ಆ ವಾರ್ತೆಯನ್ನು ಹೊರಗೆಡಹಲಿಲ್ಲ; ಅದು ಅವರದೇ ಇಚ್ಛೆಯಾಗಿದ್ದಿತು.

ಉತ್ಸವದ ಇನ್ನುಳಿದ ಮೂರು ದಿನಗಳ ಸೇವೆಗೆ ಹೆಸರು ಕೊಡುವವರು ಉಗ್ರಾಣದ ಹತ್ತಿರ ಬರೆಯಿಸಬೇಕೆಂದು ತಿಳಿಸುವಂತೆ ಕಾರ್ಯದರ್ಶಿಗಳು ಹೇಳಿರುವರು. ಸಿಹಿ ಬಡಿಸುವವರ ಪಟ್ಟಿಯು ನಿನ್ನೆಯೇ ತುಂಬಿಹೋಯಿತಂತೆ. ಎಲೆ ತೆಗೆಯುವವರ ಪಟ್ಟಿಯಲ್ಲಿಯೂ, ಓಣಿಗಳಿಗೆ ಬುತ್ತಿ ಒಯ್ಯುವವರ ಪಟ್ಟಿಯಲ್ಲಿಯೂ ಇನ್ನೂ ಬೇಕಾದಷ್ಟು ಸ್ಥಳವಿದೆ. ಶರಣು.