ಒಂದು ಪುಟ್ಟ ಉಗಿಬಂಡಿ

ಸಾಫ್ಟ್‌ವೇರ್ ಬಗ್ಗೆ ಎರಡು ಮಾತಾಡು ಎಂದು ಕರೆದಿದ್ದಾರೆ. ಅದನ್ನು ಬಿಟ್ಟು, ಈ ಮೇಜಿನ ಮೇಲಿರುವ ಬಂಡಿಯ ವಿಷಯ ಹೇಳುತ್ತೇನೆ.

ಇದನ್ನು ಓಡಿಸುವುದು ಬ್ಯಾಟರಿಯಲ್ಲ, ನಿಜವಾದ ಉಗಿ. ತಾಮ್ರದ ಬಾಯ್ಲರಿನಲ್ಲಿ ಒಂದು ಲೋಟ ನೀರು, ಕೆಳಗೆ ಪುಟ್ಟ ಗ್ಯಾಸ್ ಒಲೆ. ಕುದ್ದು ಉಗಿಯಾದ ನೀರು ಮೊದಲಿನ 1,600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಜಾಗ ಕೊಡದೆ ಮುಚ್ಚಿಟ್ಟರೆ ಪಿಸ್ಟನ್ನನ್ನು ತಳ್ಳುತ್ತದೆ. ಸಿಲಿಂಡರ್ ತೊಟ್ಟಿಲಿನ ಹಾಗೆ ತೂಗುತ್ತದೆ, ನೋಡಿ. ತೂಗುವಾಗ ಅದರ ತೂತು ಒಮ್ಮೆ ಉಗಿ ಬರುವ ದಾರಿಗೆ, ಒಮ್ಮೆ ಹೊರಹೋಗುವ ದಾರಿಗೆ ಎದುರಾಗುತ್ತದೆ. ಎರಡು ದಾರಿಗಳನ್ನು ಅದಲುಬದಲು ಮಾಡಿದರೆ ಬಂಡಿ ಹಿಂದಕ್ಕೆ ಓಡುತ್ತದೆ. ರಿಮೋಟಿಗೆ ಎರಡೇ ಕೆಲಸ: ಒಂದು ಸರ್ವೋ ಮೋಟಾರ್ ಮುಂದಿನ ಚಕ್ರ ತಿರುಗಿಸುತ್ತದೆ, ಇನ್ನೊಂದು ಉಗಿಯ ವಾಲ್ವನ್ನು.

ರಿಮೋಟಿನಲ್ಲಿ ವಾಲ್ವ್ ಮುಚ್ಚಿದರೆ ಬಂಡಿ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ನನ್ನಂಥ ಕಂಪ್ಯೂಟರ್ ಜನಕ್ಕೆ ಇದು ತಲೆಗೆ ಹೋಗುವುದು ನಿಧಾನ. ನಮ್ಮಲ್ಲಿ ಏನು ಕೆಟ್ಟರೂ ರೀಸ್ಟಾರ್ಟ್ ಮಾಡುತ್ತೇವೆ.

ಮೊದಲ ಬಾಯ್ಲರನ್ನು ನಾನು ರೇಡಿಯೋ ರಿಪೇರಿಗೆ ಬಳಸುವ ಸೀಸದ ಬೆಸುಗೆಯಲ್ಲಿ ಮಾಡಿದ್ದೆ. ಅದು 200 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ. ಒಳಗೆ ನೀರಿರುವವರೆಗೆ ತಾಮ್ರ ಅಷ್ಟು ಕಾಯುವುದಿಲ್ಲ. ಒಂದು ಭಾನುವಾರ ಗ್ಯಾಸ್ ಮುಗಿಯಿತು. ಅಷ್ಟರಲ್ಲಿ ಆಫೀಸಿನ ಫೋನ್ ಬಂತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಗ್ಯಾಸ್ ತುಂಬಿದೆ, ಹಚ್ಚಿದೆ. ನೀರು ತುಂಬಲಿಲ್ಲ. ಸ್ವಲ್ಪ ಹೊತ್ತಿಗೆ ಬೆಸುಗೆ ಬಿಟ್ಟು, ಉಳಿದಿದ್ದ ಉಗಿ ಬುಸ್ ಎಂದು ಪಕ್ಕಕ್ಕೆ ಚಿಮ್ಮಿತು. ನನ್ನ ಐದು ವರ್ಷದ ಮಗಳು ಆ ಪಕ್ಕದಲ್ಲಿರಲಿಲ್ಲ, ಈ ಪಕ್ಕದಲ್ಲಿದ್ದಳು. ಅಷ್ಟೇ ವ್ಯತ್ಯಾಸ. ಊರಿಗೆ ಬಂದಾಗ ಅಮ್ಮನಿಗೆ ಹೇಳಿದೆ. "ನೀರಿಲ್ಲದೆ ಕುಕ್ಕರ್ ಇಡ್ತಾರೇನೋ? ಇದಕ್ಕಾ ನಿನ್ನ ಬಿ.ಇ. ಓದಿಸಿದ್ದು?" ಎಂದರು. ಉತ್ತರವಿರಲಿಲ್ಲ.

ನನಗಿಂತ ದೊಡ್ಡವರೂ ಎಡವಿದ್ದಾರೆ. ಇಂಗ್ಲೆಂಡಿನ ರಿಚರ್ಡ್ ಟ್ರೆವಿಥಿಕ್ 1801ರಲ್ಲಿ ಕ್ಯಾಂಬೋರ್ನ್ ಎಂಬ ಊರಿನ ರಸ್ತೆಯಲ್ಲಿ ಉಗಿಬಂಡಿ ಓಡಿಸಿದ. ಕೆಲವೇ ದಿನಗಳಲ್ಲಿ ಅದು ಕೆಟ್ಟು ನಿಂತಾಗ, ಬೆಂಕಿ ಆರಿಸದೆ ಎಲ್ಲರೂ ಊಟಕ್ಕೆ ಹೋದರು. ನೀರು ಬತ್ತಿ ಬಂಡಿಯೇ ಸುಟ್ಟುಹೋಯಿತು. 1803ರಲ್ಲಿ ಗ್ರೀನಿಚ್‌ನಲ್ಲಿ ಅವನ ಇನ್ನೊಂದು ಬಾಯ್ಲರ್ ಸಿಡಿದು ನಾಲ್ವರು ಸತ್ತರು. ಆಮೇಲೆ ಅವನು ಬಾಯ್ಲರಿಗೆ ಸೀಸದ ಬಿರಡೆ ಹಾಕತೊಡಗಿದ. ನೀರು ಬತ್ತಿದರೆ ಸೀಸ ಮೊದಲು ಕರಗಿ ಉಗಿಯನ್ನು ಹೊರಬಿಡುತ್ತದೆ. ನಿಮ್ಮ ಮನೆಯ ಕುಕ್ಕರ್ ಮುಚ್ಚಳದ ಸೇಫ್ಟಿ ವಾಲ್ವ್ ಅದರ ಮೊಮ್ಮಗ ಎನ್ನಬಹುದು.

ಈಗಿನ ಬಾಯ್ಲರಿನದು ಬೆಳ್ಳಿ ಬೆರೆತ ಬೆಸುಗೆ, 600 ಡಿಗ್ರಿ ದಾಟದೆ ಕರಗದು. ಓಡಿಸುವುದು 2 ಬಾರ್ ಒತ್ತಡದಲ್ಲಿ. ಪರೀಕ್ಷೆ ಮಾಡಿದ್ದು ಅದರ ಎರಡರಷ್ಟಕ್ಕೆ, ಅದೂ ತಣ್ಣೀರು ತುಂಬಿ. ತಣ್ಣೀರು ಉಗಿಯ ಹಾಗೆ ಹಿಗ್ಗುವುದಿಲ್ಲ, ಒಡೆದರೂ ಸೋರುತ್ತದೆ ಅಷ್ಟೆ. ಗ್ಯಾಸ್ ಡಬ್ಬಿಯನ್ನು ಬೇಕೆಂದೇ ಚಿಕ್ಕದು ಮಾಡಿದ್ದೇನೆ, ನೀರಿಗಿಂತ ಮೊದಲು ಗ್ಯಾಸೇ ಮುಗಿಯಲಿ ಎಂದು. ಮತ್ತೆ ಹಚ್ಚುವ ಮುಂಚೆ ನೀರಿನ ಮಟ್ಟ ನೋಡಿ ಕೂಗಿ ಹೇಳುವುದು ಮಗಳ ಕೆಲಸ. ಅವಳು ಕೂಗದೆ ನಾನು ಬೆಂಕಿಕಡ್ಡಿ ಗೀರುವುದಿಲ್ಲ.

ಫೋನನ್ನು ಹೆಡ್‌ಮಾಸ್ತರರ ಕೈಗೆ ಕೊಟ್ಟಿದ್ದೇನೆ. ಈಗ ಎಲ್ಲರೂ ಮೈದಾನಕ್ಕೆ ಬನ್ನಿ. ಮಕ್ಕಳು ಸುಣ್ಣದ ಗೆರೆಯ ಆಚೆ ನಿಲ್ಲಬೇಕು. ಉಗಿ ಏಳಲು ಏಳೆಂಟು ನಿಮಿಷ ಬೇಕು.