ಮನೆಯ ಹವ್ಯಾಸಕ್ಕೆ ಗಣಕಯಂತ್ರದ ನಕ್ಷೆ: ತಂತ್ರಾಂಶದ ಆಯ್ಕೆ ಹೇಗೆ?



ಬಿಡುವಿನ ವೇಳೆಯಲ್ಲಿ ಮನೆಯಲ್ಲೇ ಏನಾದರೊಂದು ವಸ್ತುವನ್ನು ತಯಾರಿಸುವ ಹವ್ಯಾಸ ನಮ್ಮಲ್ಲಿ ಅನೇಕರಿಗಿದೆ. ಒಬ್ಬರು ಪುಸ್ತಕದ ಕಪಾಟು ಮಾಡುತ್ತಾರೆ, ಇನ್ನೊಬ್ಬರು ಮಕ್ಕಳಿಗೆ ಮರದ ಆಟಿಕೆ ಮಾಡುತ್ತಾರೆ, ಮತ್ತೊಬ್ಬರು ಮುರಿದುಹೋದ ಮಿಕ್ಸಿಯ ಗುಂಡಿಯನ್ನು ತ್ರೀ-ಡಿ ಪ್ರಿಂಟರ್‌ನಲ್ಲಿ ಹೊಸದಾಗಿ ಮಾಡಿಕೊಳ್ಳುತ್ತಾರೆ. ಈ ಮೂರಕ್ಕೂ ಮೊದಲು ಬೇಕಾದದ್ದು ಅಳತೆಗೆ ಸರಿಯಾದ ನಕ್ಷೆ. ಅದನ್ನು ಗಣಕಯಂತ್ರದಲ್ಲಿ ಬರೆಯುವ ತಂತ್ರಾಂಶಕ್ಕೆ ಕ್ಯಾಡ್ ಎಂದು ಹೆಸರು. ಹೆಚ್ಚು ಹಣ ಖರ್ಚು ಮಾಡದೆ ಇಂಥ ತಂತ್ರಾಂಶವನ್ನು ಆರಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಇದರ ಇತಿಹಾಸ ಬಹಳ ಹಳೆಯದಲ್ಲ. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ಸಂಶೋಧಕರು ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆಯುವ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ತೋರಿಸಿದರು. ಅದಕ್ಕೆ ಬೇಕಾಗಿದ್ದ ಯಂತ್ರ ಪ್ರಯೋಗಾಲಯದಲ್ಲಿ ಮಾತ್ರ ಇತ್ತು. 1982ರಲ್ಲಿ ಬಂದ ‘ಆಟೋಕ್ಯಾಡ್’ ಈ ವಿದ್ಯೆಯನ್ನು ಮೇಜಿನ ಮೇಲಿನ ಸಣ್ಣ ಗಣಕಗಳಿಗೆ ತಂದಿತು. ಆದರೆ ಅದು ಎಂಜಿನಿಯರುಗಳ ಕಚೇರಿಗೆ ಹೊಂದುವ ಸರಕು. ಮನೆಯ ಹವ್ಯಾಸಿಯ ಜೇಬಿಗೆ ಹೊಂದುವುದಲ್ಲ. ಆದ್ದರಿಂದಲೇ ಕೆಲವರು ಯಾರೋ ಕೊಟ್ಟ ಕಳ್ಳಪ್ರತಿಯನ್ನು ಹಾಕಿಕೊಳ್ಳುತ್ತಾರೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಇಂಥ ಪ್ರತಿಗಳ ಜೊತೆಯಲ್ಲಿ ವೈರಸ್ ಬಂದರೆ ಮನೆಯವರ ಬ್ಯಾಂಕ್ ವ್ಯವಹಾರವೂ ಅದೇ ಯಂತ್ರದಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಇಂದು ಆ ದಾರಿ ಹಿಡಿಯುವ ಅಗತ್ಯವೂ ಇಲ್ಲ.

ಅಷ್ಟಕ್ಕೂ ಗಣಕದ ನಕ್ಷೆಯೇ ಏಕೆ, ಕಾಗದ ಪೆನ್ಸಿಲ್ ಸಾಲದೇ ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡೋಣ. 900 ಮಿಲಿಮೀಟರ್ ಅಗಲ, 1200 ಮಿಲಿಮೀಟರ್ ಎತ್ತರದ ಪುಸ್ತಕದ ಕಪಾಟು. ಪಕ್ಕದ ಹಲಗೆ ಎರಡು, ಅಡ್ಡ ಹಲಗೆ ಐದು. ಪ್ಲೈವುಡ್ಡಿನ ದಪ್ಪ 18 ಮಿಲಿಮೀಟರ್ ಆದರೆ ಅಡ್ಡ ಹಲಗೆಯ ಉದ್ದ 900ರಲ್ಲಿ ಎರಡು ಹದಿನೆಂಟನ್ನು ಕಳೆದು 864. ಪ್ಲೈವುಡ್ ಷೀಟಿನ ಅಳತೆ ಎಂಟು ಅಡಿಗೆ ನಾಲ್ಕು ಅಡಿ, ಅಂದರೆ 2440ಕ್ಕೆ 1220. ಕಪಾಟಿನ ಆಳ ‘ಒಂದು ಅಡಿ’ ಇರಲಿ ಎಂದು ನಾವು ಸುಮ್ಮನೆ ಹೇಳಿಬಿಡುತ್ತೇವೆ. ನಾಲ್ಕು ಅಡಿ ಅಗಲದ ಷೀಟಿನಲ್ಲಿ ಒಂದೊಂದು ಅಡಿಯ ನಾಲ್ಕು ಪಟ್ಟಿ ಬರಬೇಕಲ್ಲವೇ? ಬರುವುದಿಲ್ಲ. ಗರಗಸ ಒಂದೊಂದು ಸಲ ಹಾಯ್ದಾಗಲೂ ಸುಮಾರು 3 ಮಿಲಿಮೀಟರ್ ಮರವನ್ನು ಪುಡಿ ಮಾಡುತ್ತದೆ. 305 ಮಿಲಿಮೀಟರಿನ ಮೂರು ಪಟ್ಟಿ ಕೊಯ್ದ ಮೇಲೆ ನಾಲ್ಕನೆಯದಕ್ಕೆ ಉಳಿಯುವುದು 296 ಮಾತ್ರ. ಒಂದು ಅಡ್ಡ ಹಲಗೆ ಕಿರಿದಾಗುತ್ತದೆ, ಇಲ್ಲವೇ ಇನ್ನೊಂದು ಷೀಟ್ ತರಬೇಕಾಗುತ್ತದೆ. ಆಳವನ್ನು 300 ಮಿಲಿಮೀಟರಿಗೆ ಇಳಿಸಿದರೆ ಏಳೂ ಹಲಗೆಗಳು ಒಂದೇ ಷೀಟಿನಲ್ಲಿ ಸಿಗುತ್ತವೆ. ಅನುಭವಿ ಬಡಗಿ ಈ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಾನೆ. ಆ ಅನುಭವವಿಲ್ಲದ ನಮಗೆ ನಕ್ಷೆಯೇ ಆಧಾರ.

ಈ ಲೆಕ್ಕವನ್ನು ಕಾಗದದ ಮೇಲೂ ಮಾಡಬಹುದು, ನಿಜ. ಆದರೆ ಅಂಗಡಿಯಲ್ಲಿ ಸಿಕ್ಕ ಪ್ಲೈವುಡ್ ಅಳೆದಾಗ 17 ಮಿಲಿಮೀಟರ್ ಇದ್ದರೆ? ಕಾಗದದಲ್ಲಾದರೆ ಎಲ್ಲವನ್ನೂ ಅಳಿಸಿ ಬರೆಯಬೇಕು. ಅಳತೆಗಳನ್ನು ಒಂದಕ್ಕೊಂದು ಜೋಡಿಸಿಡುವ ಕ್ಯಾಡ್ ತಂತ್ರಾಂಶದಲ್ಲಿ ದಪ್ಪ ಎಂಬ ಒಂದೇ ಸಂಖ್ಯೆಯನ್ನು ಬದಲಿಸಿದರೆ 864 ಇದ್ದದ್ದು ತಾನಾಗಿಯೇ 866 ಆಗುತ್ತದೆ. ಕ್ಯಾಡ್‌ನ ನಿಜವಾದ ಉಪಯೋಗ ಇದು. ಪರದೆಯ ಮೇಲೆ ಚಿತ್ರ ಚೆನ್ನಾಗಿ ಕಾಣುವುದು ಆಮೇಲಿನ ಮಾತು.

ಇನ್ನು ಆಯ್ಕೆಗೆ ಬರೋಣ. ಮೊದಲನೆಯ ಪ್ರಶ್ನೆ, ನೀವು ಮಾಡುವ ವಸ್ತು ಯಾವುದು? ಹಲಗೆ ಕೊಯ್ಯುವುದು, ತಗಡು ಕತ್ತರಿಸುವುದು, ಕೋಣೆಯ ನಕ್ಷೆ ಇವುಗಳಿಗೆ ಉದ್ದ ಅಗಲ ತೋರಿಸುವ ಚಪ್ಪಟೆ ನಕ್ಷೆ ಸಾಕು. ‘ಲಿಬ್ರೆಕ್ಯಾಡ್’ ಅದಕ್ಕೆ ತಕ್ಕದ್ದು. ಸಂಪೂರ್ಣ ಉಚಿತ, ಹಳೆಯ ಗಣಕದಲ್ಲೂ ಓಡುತ್ತದೆ. ಮರದ ಸಾಮಾನು ಜೋಡಿಸಿದ ಮೇಲೆ ಹೇಗೆ ಕಾಣುತ್ತದೆ ಎಂದು ನೋಡುವ ಆಸೆಯುಳ್ಳವರಿಗೆ ‘ಸ್ಕೆಚ್‌ಅಪ್’ ಬೇಗ ಕೈಗೆ ಹತ್ತುತ್ತದೆ. ಶಾಲೆಯ ಮಕ್ಕಳಿಗೆ ‘ಟಿಂಕರ್‌ಕ್ಯಾಡ್’ ಇದೆ; ಘನ, ಗೋಳ, ಕೊಳವೆಗಳನ್ನು ಕೂಡಿಸಿ ಕಳೆದು ವಸ್ತು ಮಾಡುವ ಆಟವಿದ್ದಂತೆ. ಪ್ರೋಗ್ರಾಮ್ ಬರೆಯಬಲ್ಲವರು ‘ಓಪನ್‌ಎಸ್‌ಕ್ಯಾಡ್’ ನೋಡಬಹುದು. ಅಲ್ಲಿ ಮೌಸ್ ಹಿಡಿದು ಗೆರೆ ಎಳೆಯುವುದಿಲ್ಲ. ವಸ್ತುವನ್ನು ಸಾಲು ಸಾಲಾಗಿ ಬರೆದು ವರ್ಣಿಸುತ್ತೇವೆ.

ಯಂತ್ರದ ಬಿಡಿಭಾಗಗಳಂಥ ನಿಖರವಾದ ಕೆಲಸಕ್ಕೆ ‘ಫ್ರೀಕ್ಯಾಡ್’ ಇದೆ. 2002ರಿಂದ ಸ್ವಯಂಸೇವಕರು ಕಟ್ಟುತ್ತ ಬಂದ ಈ ತಂತ್ರಾಂಶದ 1.0 ಆವೃತ್ತಿ ಹೊರಬಂದದ್ದು 2024ರ ನವೆಂಬರಿನಲ್ಲಿ. ಮೊದಲು ಹಾಕಿದ ಅಳತೆಯೊಂದನ್ನು ತಿದ್ದಿದರೆ ಅದರ ಮೇಲೆ ಕಟ್ಟಿದ ಭಾಗಗಳು ಕಳಚಿಕೊಳ್ಳುವ ಹಳೆಯ ತೊಂದರೆ ಈ ಆವೃತ್ತಿಯಲ್ಲಿ ಬಹುಮಟ್ಟಿಗೆ ತಗ್ಗಿದೆ. ಕಲಿಯಲು ತಾಳ್ಮೆ ಬೇಕು. ಮೊದಲ ವಾರ ತಲೆ ಕೆರೆದುಕೊಳ್ಳುವಂತಾಗುತ್ತದೆ. ಆದರೆ ಕಲಿತದ್ದು ನಿಮ್ಮದಾಗಿಯೇ ಉಳಿಯುತ್ತದೆ.

ಎರಡನೆಯ ಪ್ರಶ್ನೆ ಪರವಾನಗಿಯದು. ಉಚಿತ ಎಂಬ ಮಾತಿಗೆ ಇಲ್ಲಿ ಎರಡು ಅರ್ಥಗಳಿವೆ. ಲಿಬ್ರೆಕ್ಯಾಡ್, ಫ್ರೀಕ್ಯಾಡ್, ಓಪನ್‌ಎಸ್‌ಕ್ಯಾಡ್ ಮುಕ್ತ ತಂತ್ರಾಂಶಗಳು. ಅವುಗಳಿಂದ ಮಾಡಿದ ವಸ್ತುವನ್ನು ನೀವು ಮಾರಲೂಬಹುದು. ಕಂಪನಿಗಳು ಕೊಡುವ ಉಚಿತ ಆವೃತ್ತಿಗಳು ಹಾಗಲ್ಲ. ಅವು ಷರತ್ತಿನ ಮೇಲೆ ಕೊಟ್ಟ ಕೈಗಡ. ‘ಆನ್‌ಷೇಪ್’ನ ಉಚಿತ ಯೋಜನೆಯಲ್ಲಿ ನಿಮ್ಮ ನಕ್ಷೆಗಳನ್ನು ಯಾರು ಬೇಕಾದರೂ ನೋಡಬಹುದು, ವ್ಯಾಪಾರಕ್ಕೆ ಅವಕಾಶವಿಲ್ಲ. ‘ಫ್ಯೂಷನ್’ ಎಂಬ ಸಮರ್ಥ ತಂತ್ರಾಂಶವನ್ನು ಹವ್ಯಾಸಿಗಳಿಗೆ ಉಚಿತವಾಗಿ ಕೊಟ್ಟಿದ್ದ ಕಂಪನಿ 2020ರಲ್ಲಿ ಅದರ ಸೌಲಭ್ಯಗಳನ್ನು ಮೊಟಕುಗೊಳಿಸಿ, ಒಂದು ವೇಳೆಗೆ ತಿದ್ದಬಹುದಾದ ಕಡತಗಳನ್ನು ಹತ್ತಕ್ಕೆ ಮಿತಿಗೊಳಿಸಿತು. ಸ್ಕೆಚ್‌ಅಪ್ ಕೂಡ ಹಿಂದೆ ಗಣಕದಲ್ಲೇ ಇಟ್ಟುಕೊಳ್ಳುವ ಉಚಿತ ಆವೃತ್ತಿಯನ್ನು ಕೊಡುತ್ತಿತ್ತು. 2017ರದೇ ಅದರ ಕೊನೆಯದು. ಆಮೇಲೆ ಉಚಿತವಾಗಿ ಸಿಗುವುದು ಇಂಟರ್‌ನೆಟ್ ಮೂಲಕ ಬಳಸುವಂಥದ್ದು. ಕೊಟ್ಟವರಿಗೆ ಹಿಂತೆಗೆದುಕೊಳ್ಳುವ ಹಕ್ಕಿದೆ. ಆ ಬಗ್ಗೆ ದೂರುವಂತಿಲ್ಲ. ಆದರೆ ನಾಳೆ ನಿಮ್ಮ ಆಟಿಕೆಯನ್ನು ನೆರೆಯವರು ಕೊಳ್ಳಲು ಬಂದರೆ, ಹವ್ಯಾಸ ಸಣ್ಣ ಆದಾಯದ ದಾರಿಯಾದರೆ, ಪರವಾನಗಿ ಅದಕ್ಕೆ ಒಪ್ಪುತ್ತದೆಯೇ ಎಂದು ಇಂದೇ ಓದಿ ತಿಳಿಯುವುದು ಜಾಣತನ. ಕರೆಂಟು, ಇಂಟರ್‌ನೆಟ್ ಎರಡೂ ನೆಚ್ಚಿಕೆಯಿಲ್ಲದ ಊರಿನಲ್ಲಿರುವವರು ಗಣಕದಲ್ಲೇ ಕೂರುವ ತಂತ್ರಾಂಶವನ್ನು ಆರಿಸುವುದು ಮೇಲು.

ಮೂರನೆಯದು, ನಕ್ಷೆಯನ್ನು ಹೊರತೆಗೆಯುವ ದಾರಿ. ಚಪ್ಪಟೆ ನಕ್ಷೆಗೆ ಡಿ.ಎಕ್ಸ್.ಎಫ್., ಘನ ವಸ್ತುವಿಗೆ ಸ್ಟೆಪ್ ಎಂಬ ರೂಪಗಳನ್ನು ಬೇರೆ ಬೇರೆ ತಂತ್ರಾಂಶಗಳು ಓದಬಲ್ಲವು. ತ್ರೀ-ಡಿ ಪ್ರಿಂಟರಿಗೆ ಕೊಡುವ ಎಸ್.ಟಿ.ಎಲ್. ರೂಪವೊಂದನ್ನೇ ಉಳಿಸಿಕೊಂಡರೆ ಸಾಲದು. ಅದರಲ್ಲಿರುವುದು ಬರೀ ತ್ರಿಕೋನಗಳು. ದುಂಡನೆಯ ರಂಧ್ರ ಕೂಡ ತ್ರಿಕೋನಗಳ ಅಂಚಾಗಿ ಮಾರ್ಪಟ್ಟಿರುತ್ತದೆ. ಅಳತೆ ತಿದ್ದುವುದು ಕಷ್ಟ. ಪ್ರತಿಯೊಂದು ಕೆಲಸ ಮುಗಿದಾಗಲೂ ಮೂಲ ಕಡತ, ಸ್ಟೆಪ್ ಪ್ರತಿ, ಕಾಗದದ ಮೇಲೆ ಅಳತೆ ಸಹಿತ ಒಂದು ಮುದ್ರಿತ ಪ್ರತಿ, ಈ ಮೂರನ್ನೂ ಇಟ್ಟುಕೊಳ್ಳಿ. ದೂರದರ್ಶನದ ಸ್ಟುಡಿಯೋದಲ್ಲಿ ಸೆಟ್ ಹಾಕುವ ನಮ್ಮ ಬಡಗಿಗಳು ಇಂದಿಗೂ ಕೈಗೆತ್ತಿಕೊಳ್ಳುವುದು ಆ ಕಾಗದವನ್ನೇ.

ಕೊನೆಯದಾಗಿ ಒಂದು ಸಲಹೆ. ತಂತ್ರಾಂಶವನ್ನು ಹೊಗಳಿಕೆ ಕೇಳಿ ಆರಿಸಬೇಡಿ, ಕೆಲಸ ಕೊಟ್ಟು ನೋಡಿ. ನಾಲ್ಕು ಕಾಲಿನ ಒಂದು ಮಣೆ ಸಾಕು. ಅದನ್ನು ಎರಡು ತಂತ್ರಾಂಶಗಳಲ್ಲಿ ಬರೆಯಿರಿ. ಆಮೇಲೆ ಎತ್ತರವನ್ನು ಎರಡು ಅಂಗುಲ ಕಡಿಮೆ ಮಾಡಿ. ಎಲ್ಲಿ ಉಳಿದ ಅಳತೆಗಳು ಹೊಂದಿಕೊಂಡವು, ಎಲ್ಲಿ ಕೆಟ್ಟವು ಎಂದು ನೋಡಿ. ಕಡತವನ್ನು ಹೊರತೆಗೆದು ಮತ್ತೊಂದರಲ್ಲಿ ತೆರೆದು ನೋಡಿ. ಒಂದು ವಾರದ ಸಂಜೆಗಳಲ್ಲಿ ನಿಮಗೆ ಬೇಕಾದ ಉತ್ತರ ಸಿಗುತ್ತದೆ. ಖರ್ಚಾಗುವುದು ಸ್ವಲ್ಪ ಬಿಡುವು ಮಾತ್ರ. ಹೀಗೆ ಉಳಿಸಿದ ಹಣದಲ್ಲಿ ಒಳ್ಳೆಯ ಮರವನ್ನೋ ಹರಿತವಾದ ಉಳಿಯನ್ನೋ ಕೊಳ್ಳಿ. ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಮಣೆಯ ಮೇಲೆ ಕೂರುವವರಿಗೆ ಬೇಕಾದದ್ದು ಗಟ್ಟಿಯಾದ ಮಣೆ.