ಸ್ನೇಹ ಮತ್ತು ಜಾಮೀನು

(ಕಲಘಟಗಿಯಲ್ಲಿ ನೌಕರರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕಲಘಟಗಿಯಂತಹ ತಾಲೂಕು ಕೇಂದ್ರದಲ್ಲಿ ಸಹೋದ್ಯೋಗಿಯೆಂದರೆ ಪಕ್ಕದ ಮೇಜಿನವನು ಮಾತ್ರವಲ್ಲ. ಹುಬ್ಬಳ್ಳಿ ಬಸ್ಸಿನಲ್ಲಿ ಜೊತೆಗೆ ಬರುವವನು, ಮಧ್ಯಾಹ್ನ ರೊಟ್ಟಿ ಹಂಚಿ ಉಣ್ಣುವವನು, ಮನೆಯ ಮದುವೆಗೆ ಮೊದಲು ಓಡಿಬರುವವನು ಕೂಡ ಅವನೇ. ಜಾತಿ ಮತಗಳ ಗೋಡೆ ದಾಟಿ ಮನುಷ್ಯರು ಪರಸ್ಪರ ಅರಿಯುವ ತಾಣಗಳಲ್ಲಿ ಕಚೇರಿಯೂ ಒಂದು. ಈ ಸ್ನೇಹ ಉಳಿಯಬೇಕು. ಆದರೆ ಅದೆಷ್ಟೋ ಕಡೆ ಜಾಮೀನಿನ ಒಂದು ಸಹಿಯಿಂದ ಅದು ಮುರಿಯುತ್ತಿದೆ.

ಪರಸ್ಪರ ಹೊಣೆ ನಿಲ್ಲುವುದು ಈ ನೆಲಕ್ಕೆ ಹೊಸದಲ್ಲ. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಇಂದಿನ ನೌಕರರ ಪತ್ತಿನ ಸಂಘಗಳೂ ಅದೇ ನಂಬಿಕೆಯ ಮೇಲೆ ನಿಂತಿವೆ. ಆದರೆ ಸಹಿ ಹಾಕುವ ಎಷ್ಟು ಜನರಿಗೆ ಅದರ ಭಾರ ಗೊತ್ತಿದೆ? 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲಗಾರನನ್ನು ಹಿಡಿದು ಮುಗಿದ ಮೇಲೆಯೇ ಜಾಮೀನುದಾರನ ಬಳಿಗೆ ಬರಬೇಕೆಂಬ ಕಡ್ಡಾಯವಿಲ್ಲ. ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ನಮಗಿದೆ, ನಿಜ. ಆದರೆ ಆ ಹಕ್ಕಿಗಾಗಿ ಪಕ್ಕದ ಮೇಜಿನ ಗೆಳೆಯನ ಮೇಲೆ ದಾವೆ ಹೂಡಬೇಕಾದೀತು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರ ಅಧ್ಯಾಯದ 282ನೆಯದು ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುತ್ತದೆ. ಬರೆಯುವವನಿಗೂ ಸಾಕ್ಷಿಗೂ ತೊಂದರೆಯಾಗಬಾರದೆನ್ನುತ್ತದೆ. ಬರೆದಿಡುವುದು ಅಪನಂಬಿಕೆಯಲ್ಲ, ಸ್ನೇಹಕ್ಕೆ ಕಟ್ಟುವ ಬೇಲಿ.

ಆದ್ದರಿಂದ ಸಹಿಗೆ ಮುನ್ನ ಸಾಲದ ಮೊತ್ತ, ಅವಧಿ, ಹಳೆಯ ಬಾಕಿಗಳನ್ನು ಕೇಳೋಣ. ಮನೆಯವರಿಗೆ ತಿಳಿಸೋಣ. ಆ ಮೊತ್ತವನ್ನು ನಾವೇ ಕಟ್ಟಬೇಕಾಗಿ ಬಂದರೆ ಮಕ್ಕಳ ಶಾಲೆ, ಮನೆ ಬಾಡಿಗೆ ನಡೆದೀತೇ ಎಂದು ಲೆಕ್ಕ ಹಾಕೋಣ. ಆಗದಿದ್ದರೆ ಮೊದಲ ದಿನವೇ ವಿನಯದಿಂದ "ಆಗೋದಿಲ್ರಿ" ಎನ್ನೋಣ. ಮರಳಿ ಬರದಿದ್ದರೂ ನೋಯದಷ್ಟು ಹಣವನ್ನು ನೆರವಾಗಿ ಕೊಡೋಣ.

ಮೇಲಧಿಕಾರಿಗಳಿಗೆ ಒಂದು ವಿಶೇಷ ವಿನಂತಿ. ಅಧೀನ ನೌಕರನ ಬಳಿ ಜಾಮೀನು ಕೇಳಬೇಡಿ. ನಿರಾಕರಿಸಲಾಗದವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮಹಿಳಾ ಸಹೋದ್ಯೋಗಿಗಳ ವಿಷಯದಲ್ಲೂ ಇದೇ ಮಾತು. ಅವರ ನಗುವನ್ನು, ಮೌನವನ್ನು ಸಮ್ಮತಿಯೆಂದು ಭಾವಿಸುವ ಅಧಿಕಾರ ಯಾರಿಗೂ ಇಲ್ಲ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಇರುವ ಕಚೇರಿಯಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಚೇರಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಿಮ್ಮ ಕಚೇರಿಯಲ್ಲಿ ಸಮಿತಿ ಇದೆಯೇ, ನಾಳೆಯೇ ವಿಚಾರಿಸಿರಿ.

"ಆಗದು" ಎಂದದ್ದಕ್ಕೆ ಮುನಿಯದ ಗೆಳೆಯನೇ ಗೆಳೆಯ. ಅಂತಹ ಗೆಳೆಯರನ್ನು ಸಂಪಾದಿಸೋಣ, ನಾವೂ ಅಂತಹವರಾಗೋಣ.